ಒಂದೇ ಮಾತಿನ ಮೇಸ್ತ್ರಿ

ಫೆಬ್ರವರಿ 9, ಸೋಮವಾರ

ಮನೆಯಲ್ಲಿ ಇಬ್ಬರಿದ್ದು ಒಬ್ಬರೇ ಮಾತಾಡುವುದಾದರೆ ಆ ಒಬ್ಬರಿಗೆ ಬೇಗ ಹುಚ್ಚು ಹಿಡಿಯುತ್ತದೆ. ಹಿಡಿಯುವ ಮೊದಲು ಬರೆಯುವುದು ಮೇಲು ಎಂದು ಕೂತಿದ್ದೇನೆ.

ಇವರಿಗೆ ಪಾರ್ಶ್ವವಾಯು ಬಡಿದದ್ದು ಕಳೆದ ವರ್ಷದ ಕೊನೆಯಲ್ಲಿ. ಬಲಗೈ, ಬಲಗಾಲು ಮಾತು ಕೇಳುವುದಿಲ್ಲ. ಬಾಯಲ್ಲಿ ಇದ್ದಬದ್ದ ಮಾತೆಲ್ಲ ಹೋಗಿ ಒಂದು ಉಳಿದಿದೆ: ತಡಿ. ನೀರು ಬೇಕಾದರೂ ತಡಿ, ಬೇಡವಾದರೂ ತಡಿ, ಬೆನ್ನು ತುರಿಸಿದರೂ ತಡಿ. ಗಾಡಿ ರಿಪೇರಿಯ ಶೆಡ್ಡಿನಲ್ಲಿ ಅವಸರ ಮಾಡುವ ಗಿರಾಕಿಗಳಿಗೆಲ್ಲ ಜೀವನಪೂರ್ತಿ ಇವರು ಹೇಳಿದ್ದು ಅದನ್ನೇ. ರೂಢಿಯಾದದ್ದು ನಾಲಿಗೆಗೆ ಅಂಟಿಕೊಂಡಿತೋ ಏನೋ. ತಲೆಯಾಡಿಸುವುದನ್ನೂ ನಂಬುವ ಹಾಗಿಲ್ಲ. ಹೌದು ಅನ್ನಬೇಕಾದಲ್ಲಿ ಅಲ್ಲ ಎಂದು ಆಡಿಸಿಬಿಡುತ್ತಾರೆ, ಆಮೇಲೆ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಾರೆ.

ಆದರೂ ನನಗೆ ತಿಳಿಯುತ್ತದೆ. ಎಳೆದು ‘ತಡೀ’ ಅಂದರೆ ಹಸಿವು. ಮೊಟಕಾಗಿ ಅಂದರೆ ಬೇಡ. ಗಂಟಲಲ್ಲೇ ಅಂದರೆ ನೋವು. ಎರಡು ಸಲ ಅಂದು ಕುರ್ಚಿಯ ಕೈ ತಟ್ಟಿದರೆ ಹೌದು, ಅದೇ. ಒಂದು ಮಾತಿನಲ್ಲಿ ಸಂಸಾರ ಮಾಡುವುದನ್ನು ನಾವಿಬ್ಬರೂ ಕಲಿತಿದ್ದೇವೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಬಾರದವನ ಜೊತೆಯೂ ಜಗಳ ಹತ್ತುವುದಿಲ್ಲ, ಅದೇ ಬೇಸರ.

ನಿನ್ನೆ ಮೈದುನ ಬಂದಿದ್ದ. ಮನೆಯ ಮುಂದಿನ ಶೆಡ್ಡನ್ನು ಸೋಫಾ ಮಾರುವವನಿಗೆ ಸಾಮಾನು ಇಡಲು ಕೊಡಬೇಕಂತೆ. ಶೆಡ್ಡು ಮಾವನವರು ಕಟ್ಟಿಸಿದ್ದು, ಅವನದೂ ಪಾಲಿದೆ, ಇಲ್ಲ ಅನ್ನುವ ಹಾಗಿಲ್ಲ.

“ಅತ್ತಿಗೆ, ಸುಮ್ನೆ ಇಲಿ ಸಾಕೋಕೆ ಯಾಕೆ ಅಷ್ಟು ದೊಡ್ಡ ಜಾಗ? ಅಣ್ಣನಿಗೆ ಇನ್ನು ಅದರ ಉಸಾಬರಿ ಬೇಕಾ? ತಿಂದ್ಕೊಂಡು ಮಲ್ಕೊಂಡಿರ್ಲಿ.”

ಅಣ್ಣ ಅಲ್ಲೇ ಕೂತಿದ್ದಾರೆ, ಕಿವಿ ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ. ಎದುರಿಗಿರುವ ಮನುಷ್ಯನನ್ನು ತೀರಿಕೊಂಡವನ ಹಾಗೆ ಮಾಡಿ ಮಾತಾಡುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. “ಅವರನ್ನೇ ಕೇಳಪ್ಪ, ಬಾಯಿ ಹೋಗಿರೋದು, ತಲೆ ಹೋಗಿಲ್ಲ” ಅಂದೆ. ಇವರು ಮೊಟಕಾಗಿ ‘ತಡಿ’ ಅಂದರು. ಮೈದುನ ನಕ್ಕ.

ಫೆಬ್ರವರಿ 12, ಗುರುವಾರ

ಇವರಿಗೆ ಮಾತು ಕಲಿಸಲು ನರ್ಸಮ್ಮ ಬರುವ ದಿನ. ಚಿತ್ರದ ಕಾರ್ಡು ಹಿಡಿದು, “ಇದೇನು ಹೇಳಿ ಮೇಸ್ತ್ರಿಗಳೇ?” ಅನ್ನುತ್ತಾರೆ. ಬೆಕ್ಕಿಗೆ ತಡಿ. ಕೊಡೆಗೆ ತಡಿ. “ಎಲ್ಲಾದಕ್ಕೂ ತಡಿ ಅಂದ್ರೆ ನಾನು ಎಷ್ಟು ಅಂತ ತಡೀಲಿ?” ಎಂದು ಅವರು ನಕ್ಕರೆ ಇವರೂ ಅರ್ಧ ಬಾಯಿಯಲ್ಲಿ ನಗುತ್ತಾರೆ. ಆ ಹೆಣ್ಣುಮಗಳು ಬಂದು ಹೋದ ಮೇಲೆ ಮನೆ ಸ್ವಲ್ಪ ಹೊತ್ತು ಮನೆಯಂತೆ ಇರುತ್ತದೆ.

ಇವತ್ತು ಅವರದೇ ಒಂದು ರೋಗ ಹೇಳಿಕೊಂಡರು. “ಅಕ್ಕ, ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೆ ಗರಗರ ಅನ್ನುತ್ತೆ. ಒಂದು ಗಳಿಗೆ, ಅಷ್ಟೇ. ಗ್ಯಾರೇಜಿಗೆ ತಗೊಂಡು ಹೋಗೋಷ್ಟರಲ್ಲಿ ಬಾಯಿ ಮುಚ್ಕೊಂಡಿರುತ್ತೆ. ಏನೂ ಇಲ್ಲ ಹೋಗಮ್ಮ ಅಂತ ಕಳಿಸ್ತಾರೆ.”

ಇವರು ಕುರ್ಚಿಯಲ್ಲಿ ನೆಟ್ಟಗಾದರು. “ತಡಿ” ಎಂದು ಹೇಳಿ ಎಡಗೈಯಿಂದ ಶೆಡ್ಡಿನ ಕಡೆ ತೋರಿಸಿದರು. ಆ ಕೈ ಅಷ್ಟು ನೇರವಾಗಿ ಎದ್ದದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಗಾಡಿ ರಾತ್ರಿ ಇಲ್ಲೇ ತಣ್ಣಗಾಗಲಿ, ಬೆಳಿಗ್ಗೆ ಕೇಳುತ್ತೇವೆ ಎಂದು ಬಿಡಿಸಿ ಹೇಳಿ ನರ್ಸಮ್ಮನನ್ನು ಬಸ್ಸಿಗೆ ಕಳಿಸಿದೆ.

ಫೆಬ್ರವರಿ 13, ಶುಕ್ರವಾರ

ಕಾಫಿಗೂ ಮುಂಚೆ ಇವರನ್ನು ಗಾಲಿಕುರ್ಚಿಯಲ್ಲಿ ಶೆಡ್ಡಿಗೆ ತಳ್ಳಿಕೊಂಡು ಹೋದೆ. ಬಾನೆಟ್ ಎತ್ತಿ ಕೀಲಿ ತಿರುಗಿಸಿದೆ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂತೆ ಒಂದು ಕರಕರ, ಮುಂಭಾಗದಿಂದ. ಆಯಿಲ್ ಮೇಲೇರುತ್ತಲೇ ಸದ್ದು ನಿಂತುಹೋಯಿತು. ಇವರು ಎರಡು ಸಲ ತಡಿ ಎಂದು ಕುರ್ಚಿ ತಟ್ಟಿ, ಎಡಗೈ ಬೆರಳಿನಿಂದ ಗಾಳಿಯಲ್ಲಿ ಉದ್ದನೆಯ ಸುತ್ತು ಬರೆದರು. ಟೈಮಿಂಗ್ ಚೈನು. ನನಗೂ ಅದೇ ಅನುಮಾನವಿತ್ತು.

ಆಯಿಲ್ ಇಳಿಸಿದೆ. ಬೆರಳಲ್ಲಿ ಉಜ್ಜಿದರೆ ಸಣ್ಣ ಲೋಹದ ಮಿಣುಕು. ಬೋಗುಣಿಯ ತಳದಲ್ಲಿ ಕಂದು ಪ್ಲಾಸ್ಟಿಕ್ಕಿನ ಒಂದು ಚೂರು. ಚೈನು ಒಳಗೆ ಉಜ್ಜಿ ಉಜ್ಜಿ ತಾನು ಓಡುವ ಪ್ಲಾಸ್ಟಿಕ್ ದಾರಿಯನ್ನೇ ತಿಂದಿದೆ.

ನರ್ಸಮ್ಮನಿಗೆ ಫೋನಿನಲ್ಲಿ ತಿಳಿಸಿ ಹೇಳಿದೆ: “ಕೆಳಗೊಂದು ಶಾಫ್ಟು, ಮೇಲೊಂದು ಶಾಫ್ಟು, ಎರಡನ್ನೂ ಕಟ್ಟಿ ಹಾಕಿರೋದು ಈ ಚೈನು. ಸೈಕಲ್ ಚೈನ್ ಇದೆಯಲ್ಲ, ಹಾಗೆ. ಪಿಸ್ಟನ್ ಮೇಲೆ ಬರೋ ಹೊತ್ತಿಗೆ ವಾಲ್ವು ಸರಿದು ದಾರಿ ಬಿಡಬೇಕು. ಆ ಹೊತ್ತು ತಪ್ಪದ ಹಾಗೆ ನೋಡ್ಕೊಳ್ಳೋದು ಚೈನಿನ ಕೆಲಸ. ಸವೆದು ಉದ್ದ ಆಯ್ತು ಅಂದ್ರೆ ಒಂದಿನ ಚಕ್ರದ ಹಲ್ಲು ಬಿಟ್ಟು ಹಾರುತ್ತೆ. ಹಾರಿತೋ, ಪಿಸ್ಟನ್ನು ವಾಲ್ವು ಒಂದಕ್ಕೊಂದು ಗುದ್ದಿ ಇಂಜಿನ್ನೇ ಸತ್ಹೋಗುತ್ತೆ.”

“ಅಯ್ಯೋ ಅಕ್ಕ, ಆ ಗಾಡಿ ಇಲ್ದಿದ್ರೆ ದೂರದ ರೋಗಿಗಳ ಹತ್ರ ಹೋಗೋಕೇ ಆಗಲ್ಲ. ನೀವೇ ಮಾಡ್ತೀರಾ?”

ಮಾಡುತ್ತೇವೆ ಅಂದೆ. ಬ್ರೇಕು, ಪ್ಲಗ್ಗು, ಕ್ಲಚ್ಚು ಎಲ್ಲಕ್ಕೂ ಇವರ ಪಕ್ಕದಲ್ಲಿ ಕೈ ಕಪ್ಪು ಮಾಡಿಕೊಂಡವಳು ನಾನು. ಚೈನಿನ ಕೆಲಸಕ್ಕೆ ಮಾತ್ರ ಹತ್ತಿರ ಬಿಟ್ಟವರಲ್ಲ. ಈಗ ಇವರ ತಲೆ, ನನ್ನ ಕೈ. ಮೈದುನನಿಗೂ ಫೋನು ಹಚ್ಚಿ ಹೇಳಿದೆ. “ಆಯ್ತು ಅತ್ತಿಗೆ, ಇದೊಂದು ಗಾಡಿ ಎಬ್ಬಿಸಿ ತೋರಿಸಿ. ಆಮೇಲೆ ಶೆಡ್ಡಿನ ಸುದ್ದಿಗೆ ನಾನು ಬಂದ್ರೆ ಕೇಳಿ. ಏಳಲಿಲ್ಲ ಅಂದ್ರೆ ಸೋಫಾದವನಿಗೆ ಕೀಲಿ ಕೊಡ್ತೀನಿ.” ಇವರಿಗೆ ಕೇಳುವ ಹಾಗೆ ಅದೇ ಮಾತನ್ನು ಜೋರಾಗಿ ಹೇಳಿದೆ. ಇವರು ಗಡ್ಡ ತೋರಿಸಿದರು. ಕ್ಷೌರ ಮಾಡಿಸಿಕೊಂಡರು, ತಾವಾಗಿ ಕೇಳಿ.

ಫೆಬ್ರವರಿ 16, ಸೋಮವಾರ

ಶುರುವಾಯಿತು. ಇವರು ಖಾಕಿ ಅಂಗಿ ಹಾಕಿಕೊಂಡು ಬಂದು ಕೂತರು. ತೊಡೆಯ ಮೇಲೆ ಹಳೆಯ ಸ್ಟೀಲ್ ತಟ್ಟೆ. ಬಿಚ್ಚಿದ್ದೆಲ್ಲ ಆ ತಟ್ಟೆಗೆ, ಅದು ಇವರ ಪದ್ಧತಿ. ತಟ್ಟೆ ನೋಡಿದರೆ ಇಂಜಿನ್ನಿನೊಳಗೆ ಏನಾಗಿದೆ ಎಂದು ಗೊತ್ತಾಗಬೇಕು ಎನ್ನುತ್ತಿದ್ದರು, ಅನ್ನಲು ಬರುತ್ತಿದ್ದಾಗ.

ಪ್ರತಿ ಬೋಲ್ಟಿಗೂ ಇವರ ಮುಖ ನೋಡುತ್ತೇನೆ. ತಡಿ ಅಂದರೆ ಸ್ಪ್ಯಾನರ್ ಅಲ್ಲೇ ನಿಲ್ಲುತ್ತದೆ. ಯಾವ ತಡಿ? ಬೇಡವೋ, ಬೇರೆಯದೋ, ಸರಿಯೋ? ಒಂದೊಂದಾಗಿ ಕೇಳಿ ತಿಳಿದು ಮುಂದಕ್ಕೆ. ಕೆಳಗಿನ ಪುಲ್ಲಿಯ ದೊಡ್ಡ ಬೋಲ್ಟು ಮಧ್ಯಾಹ್ನದವರೆಗೂ ಜಗ್ಗಲಿಲ್ಲ. ಕೊನೆಗೆ ಇವರು ಮೂಲೆಯಲ್ಲಿದ್ದ ಉದ್ದ ಪೈಪನ್ನು ತೋರಿಸಿದರು. ಸ್ಪ್ಯಾನರಿಗೆ ಸಿಕ್ಕಿಸಿ ತೂಗಿದೆ, ಟಕ್ ಅಂದಿತು. ಇಬ್ಬರೂ ಒಟ್ಟಿಗೆ ಕೂಗಿದೆವು. ದಾರಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿದರು. ಬಹಳ ದಿನಗಳ ಮೇಲೆ ಹಸಿವಿನಿಂದ ಉಂಡೆ.

ಫೆಬ್ರವರಿ 18, ಬುಧವಾರ

ಮುಂದಿನ ಮುಚ್ಚಳ ತೆಗೆದೆವು. ಹಳೆಯ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿದರೆ ಹಳೆಯದು ಅರ್ಧ ಬೆರಳು ಕೆಳಗೆ ಬಂತು. ಅಷ್ಟೇ ಸವೆತ. ಅಷ್ಟಕ್ಕೇ ಒಂದು ಇಂಜಿನ್ ಸಾಯುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ.

ಚೈನನ್ನು ಪಕ್ಕದಿಂದ ಒತ್ತಿ ಬಿಗಿಹಿಡಿಯುವ ಟೆನ್ಷನರೂ ಹೊಸದು ಬಂದಿದೆ. ಒಳಗಿನ ಸ್ಪ್ರಿಂಗು ಚಿಮ್ಮದಂತೆ ಅದಕ್ಕೆ ತಂತಿಯಂಥ ಪಿನ್ನು ಚುಚ್ಚಿ ಕಳಿಸಿರುತ್ತಾರೆ. ಕೂರಿಸಿದ ಮೇಲೆ ಎಳೆದು ತೆಗೆಯಬೇಕು. ಇವರು ಅದನ್ನು ಎಡಗೈಯಲ್ಲಿ ಎತ್ತಿ ನನಗೆ ತೋರಿಸಿದರು, ಪಿನ್ನಿನ ಮೇಲೆ ಉಗುರಿಟ್ಟು, ಆಮೇಲೆ ತಟ್ಟೆಯನ್ನು ಟಣಟಣ ಬಡಿದರು. ತಟ್ಟೆಗೆ ಬೀಳಬೇಕು ಅಂತ. “ಗೊತ್ತು ಮಾರಾಯರೇ” ಅಂದೆ. ಮತ್ತೆ ಬಡಿದರು. “ಗೊತ್ತು ರೀ, ನಾನೇನು ನಿನ್ನೆ ಮೊನ್ನೆ ಬಂದವಳಾ?”

ಕೆಲಸ ತುಂಬ ನಿಧಾನ. ಒಂದು ನಟ್ಟು ತಟ್ಟೆಯಿಂದ ಹುಡುಕಿ ಕೊಡಲು ಇವರಿಗೆ ಎಡಗೈಯಲ್ಲಿ ಯುಗವಾಗುತ್ತದೆ.

ಫೆಬ್ರವರಿ 19, ಗುರುವಾರ

ತಟ್ಟೆಯನ್ನು ನನ್ನ ಪಕ್ಕಕ್ಕೇ ಇಟ್ಟುಕೊಂಡೆ. ಬೇಗ ಸಾಗುತ್ತಿದೆ. ಇವರ ಕುರ್ಚಿ ಕಾಲಿಗೆ ತೊಡರುತ್ತಿತ್ತು, ಬಾಗಿಲ ಹತ್ತಿರ ನೆರಳಿಗೆ ಸರಿಸಿದೆ. ಅಲ್ಲಿಂದಲೂ ಕಾಣುತ್ತದೆ. ತಡಿ ತಡಿ ಎಂದು ಬೆಳಗಿನಿಂದ ಒಂದೇ ಸಮ. ಗಾಳಿಗೆ ಕುಳಿತಿದ್ದು ಹಿತವಾಗಿರಬೇಕು.

ಎದುರಿನ ಟೈರ್ ಅಂಗಡಿಯವನು ಬಂದು ನಿಂತು ನೋಡಿ, “ಏನಕ್ಕ, ಮೇಸ್ತ್ರಿ ಕೂತಿದ್ದಾರೆ, ಮೇಸ್ತ್ರಿಣಿ ಮಾಡ್ತಿದ್ದಾರೆ!” ಅಂದ. ನಗು ಬಂತು. ಸುಳ್ಳು ಯಾಕೆ, ಒಳಗೆ ತಂಪಾಯಿತು.

ಫೆಬ್ರವರಿ 20, ಶುಕ್ರವಾರ

ಇವತ್ತು ನಾನೇ ಮುಗಿಸಿದೆ! ಹೊಸ ಚೈನಿನ ಬಣ್ಣದ ಕೊಂಡಿಗಳು ಮೇಲಿನ ಹಲ್ಲುಚಕ್ರದ ಗುರುತಿಗೂ ಕೆಳಗಿನದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತವು. ಟೆನ್ಷನರ್ ಬಿಗಿದೆ. ಕೈಯಿಂದಲೇ ಇಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದೆ, ಎಲ್ಲೂ ತಗುಲಲಿಲ್ಲ. ಇವರು ಊಟವಾಗಿ ಒಳಗೆ ಮಲಗಿದ್ದರು. ಏಳಲಿ ಎಂದು ಕಾಯಬಹುದಿತ್ತು. ಎದ್ದರೆ ಮತ್ತೆ ಎಲ್ಲ ಬಿಚ್ಚಿ ತೋರಿಸು ಅನ್ನುವ ತಡಿ ಶುರುವಾಗುತ್ತದೆ, ಮುಚ್ಚಳದ ಅಂಚಿಗೆ ಹಚ್ಚುವ ಗಮ್ ಒಣಗಬೇಕು, ನಾಳೆ ಮೈದುನ ಬರುತ್ತಾನೆ. ಮುಚ್ಚಳ ಹಾಕಿ ಬಿಗಿದುಬಿಟ್ಟೆ.

ಸಂಜೆ ಎದ್ದ ಮೇಲೆ ಕುರ್ಚಿಯಲ್ಲಿ ಕರೆತಂದರೆ ಇವರು ಮುಚ್ಚಿದ ಇಂಜಿನ್ನನ್ನೇ ನೋಡುತ್ತ ಕೂತರು. ಒಂದು ಶಹಭಾಸ್ ಅನ್ನಬಾರದೇ? ಕೈ ತಟ್ಟಲು ಬರುತ್ತದಲ್ಲ. ಗಂಡಸರ ಹೊಟ್ಟೆಕಿಚ್ಚು ಪಾರ್ಶ್ವವಾಯುವಿಗೂ ಬಗ್ಗುವುದಿಲ್ಲ.

ಫೆಬ್ರವರಿ 21, ಶನಿವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನರ್ಸಮ್ಮ ಬಂದಿದ್ದರು, ಮೈದುನ ಬಂದಿದ್ದ. ಇವರು ಕೈ ಚಾಚಿ ತಟ್ಟೆ ಕೇಳಿದರು. ಮಗುವಿಗೆ ಆಟಿಕೆ ಕೊಟ್ಟ ಹಾಗೆ ಕೊಟ್ಟೆ, ಸುಮ್ಮನಿರಲಿ ಎಂದು. ಇವರು ಹಳೆಯ ಬೋಲ್ಟು, ಮುರಿದ ಪ್ಲಾಸ್ಟಿಕ್ಕು, ಹಳೆಯ ಟೆನ್ಷನರು ಎಲ್ಲವನ್ನೂ ಒಂದು ಬೆರಳಿನಲ್ಲಿ ಕೆದಕಿದರು. ಮತ್ತೆ ಮೊದಲಿನಿಂದ ಕೆದಕಿದರು. ನಾನು ಸೀಟಿನಲ್ಲಿ ಕೂತು ಕೀಲಿ ಹಾಕಿದೆ.

“ತಡಿ” ಅಂದರು.

ತಲೆಯೆತ್ತಿ ನೋಡಿದೆ. “ತಡಿ” ಎಂದು ಕುರ್ಚಿಯ ಕೈಯನ್ನು ಬಡಿದರು. ಎರಡು ಸಲ, ಜೊತೆಗೆ ತಟ್ಟು. ಹೌದು ಅಂದರೆ ಹಾಗೇ ಅಲ್ಲವೇ? ಆದರೆ ಮುಖ ಹೌದು ಅನ್ನುವ ಮುಖವಾಗಿರಲಿಲ್ಲ. ನಾನು ಅದನ್ನು ನೋಡಿದೆ. ಮೂರನೆಯ ಸಲ ಕೂಗಿದರು, ಕತ್ತಿನ ನರ ಉಬ್ಬಿತ್ತು, ತಟ್ಟೆ ಕೆಳಗೆ ಬಿದ್ದು ಎಲ್ಲ ಚೆಲ್ಲಿತು.

“ಏನಂತೆ ಅಣ್ಣನಿಗೆ?” ಎಂದ ಮೈದುನ.

“ಸ್ಟಾರ್ಟ್ ಮಾಡು ಅಂತಿದ್ದಾರೆ” ಅಂದೆ. ಮೈದುನನ ಮುಂದೆ ಇಳಿದು ಹೋಗಿ ಯಾವ ತಡಿ ಎಂದು ವಿಚಾರಿಸುತ್ತ ಕೂರಲು ನನಗೆ ಆಗಲಿಲ್ಲ. ಕೀಲಿ ತಿರುಗಿಸಿದೆ.

ಒಂದು ಉಸಿರು ಹಿಡಿಯುವಷ್ಟು ಹೊತ್ತು ಓಡಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಗುದ್ದಿದ ಸದ್ದು, ಗಾಡಿಯೇ ಕುಲುಕಿ ನಿಂತುಹೋಯಿತು. ನರ್ಸಮ್ಮ ಬಾಯಿಗೆ ಸೆರಗು ಹಿಡಿದರು. ಮೈದುನ, “ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಅಂದಿಲ್ಲ” ಎಂದು ತನ್ನ ಹತ್ತಿರವಿದ್ದ ಶೆಡ್ಡಿನ ಕೀಲಿಯನ್ನು ಕಿಸೆಗೆ ಹಾಕಿಕೊಂಡು ಹೊರಟ. ಇವರು ನನ್ನನ್ನೇ ನೋಡುತ್ತಿದ್ದರು.

ಫೆಬ್ರವರಿ 22, ಭಾನುವಾರ

ಅನ್ನ ಸೀದುಹೋಯಿತು. ಹಾಗೇ ಉಂಡೆವು.

ಫೆಬ್ರವರಿ 24, ಮಂಗಳವಾರ

ಮುಚ್ಚಳ ಬಿಚ್ಚಿದೆ. ಟೆನ್ಷನರಿನಲ್ಲಿ ಪಿನ್ನು ಚುಚ್ಚಿದಂತೆಯೇ ಇತ್ತು. ಎಳೆದಿರಲೇ ಇಲ್ಲ. ಚೈನು ಸಡಿಲಾಗಿ ಹಲ್ಲು ಹಾರಿದೆ. ವಾಲ್ವುಗಳು ಡೊಂಕಾಗಿವೆ, ಒಂದು ಪಿಸ್ಟನ್ನಿನ ತಲೆಯೇ ಒಡೆದಿದೆ. ಆ ಗಾಡಿಗೆ ಇನ್ನು ಬೇರೆ ಇಂಜಿನ್ನೇ ಬೇಕು.

ಪಿನ್ನನ್ನು ಎಳೆದು ಹಳೆಯ ಆಯಿಲ್ಲಿನ ಡ್ರಮ್ಮಿಗೆ ಹಾಕಿದೆ. ಮೈದುನ ನೋಡಿದರೆ ಸುಮ್ಮನೆ ಮಾತಿಗೆ ಮಾತು. ತಿರುಗಿ ನೋಡಿದರೆ ಇವರು ಬಾಗಿಲಲ್ಲಿದ್ದರು. ಗಾಲಿಕುರ್ಚಿಯನ್ನು ಒಂದೇ ಕೈಯಿಂದ ಅಷ್ಟು ದೂರ ಹೇಗೆ ತಳ್ಳಿಕೊಂಡು ಬಂದರೋ.

ತಡಿ ಅಂದಿದ್ದರು, ನಿಜ. ಆದರೆ ದಿನಕ್ಕೆ ನೂರು ಸಲ ಅನ್ನುತ್ತಾರೆ. ಅನ್ನಕ್ಕೂ ಅದೇ, ಆಪತ್ತಿಗೂ ಅದೇ. ನೂರರಲ್ಲಿ ಒಂದನ್ನು ನಾನು ಹೇಗೆ ಹೆಕ್ಕಲಿ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅತ್ತೆ. ಬಹಳ ಅತ್ತೆ.

ಫೆಬ್ರವರಿ 27, ಶುಕ್ರವಾರ

ಮೈದುನ ಸೋಫಾದವನನ್ನು ಕರೆದುಕೊಂಡು ಬಂದಿದ್ದ. ಅವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದಾಗ, “ನಿಜ ಹೇಳಿ ಅತ್ತಿಗೆ, ತಪ್ಪಿದ್ದೆಲ್ಲಿ?” ಎಂದು ಕೇಳಿದ.

“ನಿಮ್ಮಣ್ಣನನ್ನ ಕೇಳೇ ಅಲ್ವಾ ತಿರುಗಿಸಿದ್ದು? ನೀನೂ ಇದ್ದೆ. ಎರಡು ಸಲ ಹೇಳಿ ಕುರ್ಚಿ ತಟ್ಟಿದ್ರು. ಹೌದು ಅಂದ್ರೆ ಹಾಗೇ.”

ಅದರಲ್ಲಿ ಸುಳ್ಳೇನಿಲ್ಲ. ಎರಡು ಸಲ ಅಂದದ್ದು ಹೌದು, ತಟ್ಟಿದ್ದು ಹೌದು. ಮೈದುನ ನಿಟ್ಟುಸಿರು ಬಿಟ್ಟು, “ಪಾಪ, ತಲೇನೂ ಹೋಗಿದೆ ಹಾಗಾದ್ರೆ” ಅಂದ. ನಾನು ಸೋಫಾದವನ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ. ಇವರು ಪಕ್ಕದಲ್ಲೇ ಇದ್ದರು.

ಇವರು ತಡಿ ಅನ್ನುವುದನ್ನು ಬಿಟ್ಟಿದ್ದಾರೆ. ನೀರು ಕೊಟ್ಟರೆ ಕುಡಿಯುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಮನೆ ನಿಶ್ಶಬ್ದವಾಗಿದೆ. ಒಂದು ಲೆಕ್ಕಕ್ಕೆ ಕೆಲಸಕ್ಕೆ ಅನುಕೂಲ.

ಮಾರ್ಚ್ 3, ಮಂಗಳವಾರ

ಶೆಡ್ಡು ಖಾಲಿ ಮಾಡಿದೆವು. ಟೈರ್ ಅಂಗಡಿಯವನು ಸ್ಪ್ಯಾನರುಗಳನ್ನೆಲ್ಲ ಒಯ್ದ. “ಹೇಗಾಯ್ತಕ್ಕ ಅದು?” ಅಂದ. ಇವರು ಸ್ಟಾರ್ಟ್ ಮಾಡು ಅಂದರು, ನಾನು ಮಾಡಿದೆ, ಕಾಯಿಲೆ ಮನುಷ್ಯನ ಮಾತು ಕೇಳಬಾರದಿತ್ತು ಎಂದು ಹೇಳಿದೆ. ಈಗ ಹೇಳಲು ಕಷ್ಟವಾಗುವುದಿಲ್ಲ. ಇವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ಕ್ಷಮಿಸಿದ್ದೇನೆ.

ಮಾರ್ಚ್ 6, ಶುಕ್ರವಾರ

ನರ್ಸಮ್ಮ ಬಸ್ಸಿನಲ್ಲಿ ಬಂದರು, ಬೆವರಿಳಿಯುತ್ತಿತ್ತು. ಗಾಡಿಯನ್ನು ಗುಜರಿಯವನಿಗೆ ಕೊಟ್ಟರಂತೆ. ದೂರದ ನಾಲ್ಕು ಮನೆ ಬಿಡಬೇಕಾಯಿತು, ಅದರಲ್ಲಿ ನಮ್ಮದೂ ಒಂದು. ಇದೇ ಕೊನೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ಡು ತೆಗೆದು ಇವರ ಮುಂದೆ ಕೂತರು. ಬೆಕ್ಕು ತೋರಿಸಿದರು. ಇವರು ಬಾಯಿ ತೆರೆಯಲಿಲ್ಲ. ಕೊಡೆ ತೋರಿಸಿದರು. ಇಲ್ಲ. “ತಡೀ ಅಂತಾದ್ರೂ ಅನ್ನಿ ಮೇಸ್ತ್ರಿಗಳೇ, ಅದೂ ಬೇಡ್ವಾ?” ಎಂದು ಬೇಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ನನಗೊಂದು ಅರ್ಥ ಆಗ್ಲಿಲ್ಲ. ಅವತ್ತು ಇವರು ಅಷ್ಟು ಕೂಗಿದ್ರಲ್ಲ, ನಿಲ್ಲಿಸು ಅಂತ ಕೂಗಿದ ಹಾಗಿತ್ತಲ್ಲ?” ಅಂದರು.

“ಇಲ್ಲಮ್ಮ. ಸ್ಟಾರ್ಟ್ ಮಾಡು ಅಂತ್ಲೇ ಹೇಳಿದ್ರು. ಇವರ ಮಾತು ನನಗೆ ಗೊತ್ತಾಗಲ್ವಾ? ಇವರು ಹೇಳದೆ ನಾನು ಕೀಲಿ ಮುಟ್ಟಿದವಳೇ ಅಲ್ಲ.”

“ಸುಳ್ಳು.”

ನಾನಾಗಲಿ ನರ್ಸಮ್ಮನಾಗಲಿ ಹೇಳಿದ್ದಲ್ಲ. ಇವರು. ಬಾಯಿ ಸೊಟ್ಟಗಿತ್ತು, ಮಾತು ನೆಟ್ಟಗಿತ್ತು.

ನರ್ಸಮ್ಮನ ಕೈಯಿಂದ ಕಾರ್ಡುಗಳು ಜಾರಿದವು. ಇಷ್ಟು ದಿನ ಕಾದಿದ್ದು ಬಂತಲ್ಲ ಎಂಬ ಸಂತೋಷದಲ್ಲಿ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. “ಬಂತು, ಬಂತು! ಮೇಸ್ತ್ರಿಗಳೇ, ಇನ್ನೊಂದ್ಸಲ ಹೇಳಿ, ಇನ್ನೊಂದೇ ಒಂದ್ಸಲ!”

ಇವರು ನನ್ನನ್ನು ನೋಡಿಕೊಂಡು ಇನ್ನೊಂದು ಸಲ ಹೇಳಿದರು.

ನರ್ಸಮ್ಮನ ಚಪ್ಪಾಳೆ ಅಲ್ಲಿಗೆ ನಿಂತಿತು. ಬಗ್ಗಿ ಕಾರ್ಡುಗಳನ್ನು ಒಂದೊಂದಾಗಿ ಆರಿಸಿಕೊಂಡರು, ಇವರ ಭುಜ ಮುಟ್ಟಿದರು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ನನಗೆ ಹೋಗಿಬರ್ತೀನಿ ಅನ್ನಲಿಲ್ಲ. ಕಾಫಿಯ ನೀರು ಒಲೆಯ ಮೇಲೆ ಕುದಿದು ಕುದಿದು ಬತ್ತಿಹೋಗಿತ್ತು.

ಖುಷಿಪಡಬೇಕಾದ ದಿನ. ಹೊಸ ಮಾತು ಬಂದಿದೆ, ಒಂದು ಬಂದರೆ ಉಳಿದದ್ದೂ ಬರುತ್ತದಂತೆ. ಸಂಜೆ ಮೈದುನ ಫೋನು ಮಾಡಿದ್ದ. ನರ್ಸಮ್ಮ ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದರಂತೆ, ನಿಮ್ಮಣ್ಣನಿಗೆ ಮಾತು ಬಂತು ಎಂದಷ್ಟೇ ಹೇಳಿದರಂತೆ.

“ಹೌದಾ ಅತ್ತಿಗೆ? ಏನಂದ ಅಣ್ಣ?”

ಇವರು ಎದುರಿನ ಕುರ್ಚಿಯಲ್ಲೇ ಕೂತಿದ್ದರು. ಸರಿಯಾಗಿ ಕೇಳಿಸಲಿಲ್ಲಪ್ಪ, ಅಂದೆ.